ಆಲ್ ನಾರ್ಮಲ್
ಕದ್ರಾದ ವಿದ್ಯುತ್ ಘಟಕದಿಂದ ನಿವೃತ್ತರಾಗಿ ಅಂಕೋಲೆಗೆ ಬಂದು ನೆಲೆಸಿದ ಸೋಮು ನಾಯ್ಕರಿಗೆ ಈಗ ಇಂಗ್ಲಿಷಿನಲ್ಲಿ ಕತೆ ಬರೆಯುವ ಹುಚ್ಚು. ನೌಕರಿಯುದ್ದಕ್ಕೂ ಪಾಳಿ ಮುಗಿಸುವಾಗ ಘಟಕದ ದಾಖಲೆ ಪುಸ್ತಕದಲ್ಲಿ ‘ಆಲ್ ನಾರ್ಮಲ್’ ಎಂದು ಬರೆದು ಸಹಿ ಹಾಕಿದ ಕೈ ಅದು; ಹಾಗಾಗಿ ಮೊದಲ ಕತೆಯಲ್ಲಿ ಸಮುದ್ರವೂ ನಾರ್ಮಲ್, ಬಿರುಗಾಳಿಯೂ ನಾರ್ಮಲ್, ಅಳುತ್ತಿದ್ದ ನಾಯಕಿಯೂ ನಾರ್ಮಲ್. ಮೊಬೈಲಿನಲ್ಲಿ ಪಾಠ ಹೇಳುವ ಮೇಡಂ ನಕ್ಕು, “ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಬರೀರಿ ಸರ್” ಎಂದದ್ದೇ ತಡ, ಹೆಂಡತಿ ಸುಗಂಧಾಳಿಗೆ ಅಡುಗೆಮನೆಯಲ್ಲಿ ನೆಮ್ಮದಿ ಇಲ್ಲದಾಯಿತು. “ಬಂಗಡೆ ಹುರಿವಾಗ ಸದ್ದು ಹ್ಯಾಂಗೆ ಬರ್ತದೆ, ಹೇಳು ನೋಡ್ವ?” ಎಂದು ನಾಯ್ಕರು ಕಾವಲಿಗೆ ಕಿವಿಗೊಟ್ಟು ನಿಲ್ಲುತ್ತಾರೆ. “ಇಷ್ಟು ವರ್ಷ ಕಿವಿ ಎಲ್ಲಿ ಇಟ್ಕಂಡಿದ್ರಿ? ಎಂತ ಮಳ್ಳು ನಿಮ್ಗೆ!” ಎಂದು ಅವಳು ಸೌಟು ಎತ್ತುತ್ತಾಳೆ. ಹೊಸ ಇಂಗ್ಲಿಷ್ ಪದ ಸಿಕ್ಕರೂ ಅಷ್ಟೆ, ತಾಜಾ ಹೌದೋ ಅಲ್ಲವೋ ಎಂದು ಮೀನಿನ ಕಿವಿರು ಎತ್ತಿ ನೋಡುವವರ ಹಾಗೆ ಹಿಂದೆಮುಂದೆ ತಿರುಗಿಸಿ ನೋಡಿಯೇ ಕತೆಗೆ ಹಾಕುತ್ತಾರೆ. ತೆಂಗಿನಗರಿಯ ನೆರಳು ಯಾವ ಬಣ್ಣ, ಒಗೆದ ಸೀರೆಗೆ ಬಿಸಿಲಿನ ವಾಸನೆ ಯಾಕೆ, ಎಲ್ಲವೂ ಅವರಿಗೆ ಬೇಕು. ನಿನ್ನೆ ಬೆಳಿಗ್ಗೆ ಪೆನ್ನು ಹಿಡಿದು ಅವಳ ಮುಖವನ್ನೇ ನೋಡುತ್ತ ಕೇಳಿದರು: “ನಿನ್ನ ಗದ್ದದ ಮೇಲೆ ಈ ಮಚ್ಚೆ ಯಾವಾಗ ಬಂತು?” “ಮದ್ವೆ ದಿನಾನೂ ಇತ್ತು” ಎಂದಳು ಸುಗಂಧಾ. ನಾಯ್ಕರು ತಲೆ ತಗ್ಗಿಸಿ ಅದನ್ನೂ ಬರೆದುಕೊಂಡರು. ಇಂದು ಅವರು ಬರೆಯಲು ಕೂತದ್ದನ್ನು ನೋಡಿ, ಇಂಗ್ಲಿಷಿನ ಒಂದಕ್ಷರವೂ ಬಾರದ ಅವಳು ಅಡುಗೆಮನೆಯಿಂದ ಈಳಿಗೆಮಣೆಯನ್ನು ಎತ್ತಿ ತಂದು, ಮುಖಕ್ಕೆ ಚೆನ್ನಾಗಿ ಬೆಳಕು ಬೀಳುವ ಕಡೆ, ಅವರ ಎದುರಿಗೇ ತರಕಾರಿ ಹೆಚ್ಚಲು ಕೂತಳು.