ಮಸ್ಕಿಯ ಎಡಚಿಗೆ ನಾನು ಮಾಡಿದ್ದು

ಶಾಲೆಯಲ್ಲಿದ್ದಾಗ ನಾನು ಟೆನ್ನಿಸ್ ಆಡುತ್ತಿದ್ದೆ ಎಂದರೆ ಈಗಿನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಬಿಳಿ ಸ್ಕರ್ಟು, ರ‍್ಯಾಕೆಟ್ಟು, ಹುಲ್ಲಿನ ಅಂಗಳ ಎಲ್ಲ ಅವರ ಕಣ್ಣ ಮುಂದೆ ಬಂದಿರುತ್ತದೆ. ನಮ್ಮದು ಆ ಟೆನ್ನಿಸ್ ಅಲ್ಲ. ಬಲೆಯ ಆಚೆಗೊಮ್ಮೆ ಈಚೆಗೊಮ್ಮೆ ಎಸೆಯುವ ರಬ್ಬರಿನ ರಿಂಗಿನ ಆಟ. ಅದರ ನಿಜವಾದ ಹೆಸರು ಟೆನ್ನಿಕಾಯ್ಟ್. ಲಿಂಗಸುಗೂರಿನಲ್ಲಿ ಆ ಹೆಸರಿಗೆ ಯಾರ ನಾಲಿಗೆಯೂ ಹೊರಳುತ್ತಿರಲಿಲ್ಲ, ಹಾಗಾಗಿ ನಮ್ಮ ಡ್ರಿಲ್ ಮಾಸ್ತರರು ರಿಜಿಸ್ಟರಿನಲ್ಲಿ ‘ಹುಡುಗಿಯರ ಟೆನ್ನಿಸ್’ ಎಂದು ಬರೆದು ಕೈತೊಳೆದುಕೊಂಡಿದ್ದರು. ರಿಂಗನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಮೈಗೆ ತಾಗಿಸಬಾರದು, ಹಿಡಿದ ಕೂಡಲೇ ತಿರುಗಿ ಎಸೆಯಬೇಕು. ಕೆಳಗೆ ಬಿದ್ದರೆ ಪಾಯಿಂಟು ಅವರದು.

ಇದು ಎಂಬತ್ತರ ದಶಕದ ಕೊನೆಯ ಮಾತು. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ನಮ್ಮ ತಾಲ್ಲೂಕಿನಲ್ಲಿ ಈ ಆಟವನ್ನು ಆಟವೆಂದು ಆಡುತ್ತಿದ್ದ ಶಾಲೆಗಳು ಎರಡೇ, ಒಂದು ನಮ್ಮದು, ಇನ್ನೊಂದು ಮಸ್ಕಿಯದು. ಮಸ್ಕಿಯ ಗುಡ್ಡದಲ್ಲಿ ಹಳೆಯ ಶಾಸನದ ಬಂಡೆಯಿದೆಯಲ್ಲ, ಅದಕ್ಕೆ ನಾವು ಅವರನ್ನು ‘ಶಾಸನದವರು’ ಎಂದು ಕರೆದು ಕಿಸಕ್ಕನೆ ನಗುತ್ತಿದ್ದೆವು. ನಕ್ಕದ್ದೇ ಬಂತು. ಎರಡು ವರ್ಷ ಸತತವಾಗಿ ಅವರು ನಮ್ಮನ್ನು ಸೋಲಿಸಿದ್ದರು. ಅವರು ಐದು ಜನ. ಒಂದೇ ತಾನಿನಲ್ಲಿ ಕತ್ತರಿಸಿ ಹೊಲಿದ ಹಸಿರು ಲಂಗ, ಮಡಚಿ ಕಟ್ಟಿದ ಎರಡು ಜಡೆ, ಬರಿಗಾಲು. ಎಸೆಯುವ ಮೊದಲು ನೆಲದ ಮಣ್ಣನ್ನು ಅಂಗೈಗೆ ಸವರಿಕೊಳ್ಳುತ್ತಿದ್ದರು. ಅವರ ಕ್ಯಾಪ್ಟನ್ ಹುಡುಗಿಯ ದನಿ ಊರ ಹೊರಗಿನವರೆಗೂ ಕೇಳುತ್ತಿತ್ತು. ಆದರೆ ನಮ್ಮ ನಿದ್ದೆ ಕೆಡಿಸಿದವಳು ಅವಳಲ್ಲ, ಅವಳ ಜೋಡಿಯಾಗಿ ಆಡುತ್ತಿದ್ದ ಎಡಚಿ. ಸಣ್ಣ ದೇಹ, ಉದ್ದ ಕೈ. ಅವಳ ಎಡಗೈಯಿಂದ ಹೊರಟ ರಿಂಗು ನಾವು ನಿಂತ ಕಡೆಗೆ ಬಂದಂತೆ ಮಾಡಿ ಕೊನೆಗೆ ಇನ್ನೊಂದು ಕಡೆಗೆ ವಾಲುತ್ತಿತ್ತು.

ನನಗೆ ಸೋಲುವುದು ಬರುತ್ತಿರಲಿಲ್ಲ. ಸೋತು ಬಂದ ದಿನ ಮನೆಯಲ್ಲಿ ತಟ್ಟೆ ಕುಕ್ಕುತ್ತಿದ್ದೆ. “ರಿಂಗ್ ಸೋತೀದಿ ಬೇ, ರಾಜ್ಯ ಸೋತಾಕಿ ಹಂಗ ಮಾಡಾಕತ್ತೀಯಲ್ಲ,” ಎಂದು ಅವ್ವ ಬೈಯುತ್ತಿದ್ದಳು. ಈ ಸಿಟ್ಟು ನನ್ನನ್ನು ಇನ್ನೂ ಬಿಟ್ಟಿಲ್ಲ, ಆ ಮಾತು ಬೇರೆ.

ಆ ವರ್ಷ ತಾಲ್ಲೂಕಿನ ಆಟಗಳು ನಮ್ಮ ಶಾಲೆಯ ಬಯಲಿನಲ್ಲೇ ನಡೆದವು. ಗೆದ್ದವರು ಜಿಲ್ಲಾ ಮಟ್ಟಕ್ಕೆ ಸಿಂಧನೂರಿಗೆ ಹೋಗಬೇಕು. ಮಸ್ಕಿಯ ಹುಡುಗಿಯರು ಎರಡು ದಿನ ನಮ್ಮ ಎಂಟನೆಯ ತರಗತಿಯ ಕೋಣೆಯಲ್ಲಿ ಇಳಿದುಕೊಂಡರು. ಅವರಿಗೆ ನೀರು, ಮಂಡಕ್ಕಿ ಒಗ್ಗರಣೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಮುಖ ಗಂಟಿಕ್ಕಿಕೊಂಡೇ ಕೊಟ್ಟೆ. ಎಡಚಿ ಮಾತ್ರ ನನ್ನ ಗಂಟುಮುಖಕ್ಕೆ ಸೊಪ್ಪು ಹಾಕಲಿಲ್ಲ. ಪಕ್ಕದಲ್ಲೇ ಕೂರಿಸಿಕೊಂಡು, ತನ್ನ ಆಟದ ಗುಟ್ಟನ್ನು ನನಗೇ ಹೇಳಿಕೊಟ್ಟಳು.

“ನನ್ನ ಅಂಗೈ ನೋಡಬ್ಯಾಡ, ಮೊಣಕೈ ನೋಡು. ಮೊಣಕೈ ಎತ್ತ ತಿರಗತೈತೋ ರಿಂಗ್ ಅತ್ತ ಬರತೈತಿ.”

“ನನಗ್ಯಾಕ ಹೇಳ್ತಿ? ನಾಳಿ ನಾ ಗೆದ್ರ?”

“ಗೆದ್ದರ ಗೆಲ್ಲು. ಎದುರಿಗೆ ಹಿಡಿಯೋರಿಲ್ಲಂದ್ರ ಒಗಿಯಾಕ ಏನು ಮಜಾ ಐತಿ?”

ಅಂಥ ಮಾತು ನನ್ನ ಬಾಯಲ್ಲಿ ಏಳು ಜನ್ಮಕ್ಕೂ ಬರುತ್ತಿರಲಿಲ್ಲ. ಅಂದು ಅವಳ ಗೆಳತಿಯಾದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಫೈನಲ್. ಆಟಕ್ಕೆ ಮೊದಲು ಬಲೆಯ ಕಂಬಕ್ಕೂ ರಿಂಗಿಗೂ ಕುಂಕುಮ ಹಚ್ಚಿ, ಕಾಯಿ ಒಡೆದು, ಆಡುವ ಹುಡುಗಿಯರೆಲ್ಲ ಆರತಿ ತಟ್ಟೆ ಮುಟ್ಟಿ ನಮಸ್ಕರಿಸುವುದು ನಮ್ಮ ಡ್ರಿಲ್ ಮಾಸ್ತರರ ಪದ್ಧತಿ. ಎಲ್ಲರೂ ಮುಟ್ಟಿದರು. ಎಡಚಿ ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗುಂಪಿನ ಹಿಂದೆ ಸರಿದಳು. ಅವಳನ್ನೇ ಗಮನಿಸುತ್ತಿದ್ದ ನನ್ನ ಕಣ್ಣಿಗೆ ಅದು ತಪ್ಪಲಿಲ್ಲ. ನೀರಿನ ತೊಟ್ಟಿಯ ಹತ್ತಿರ ಸಿಕ್ಕಾಗ ಕೇಳಿದೆ.

“ಯಾಕ ಬೇ, ತಟ್ಟಿ ಮುಟ್ಟಲಿಲ್ಲ?”

ಅವಳು ಅತ್ತಿತ್ತ ನೋಡಿದಳು. “ಇವತ್ತ ನಾ ಮುಟ್ಟಂಗಿಲ್ಲ. ಯಾರ ಮುಂದೂ ಹೇಳಬ್ಯಾಡ. ನಮ್ಮ ಅವ್ವಗ ಅಷ್ಟ ಗೊತ್ತೈತಿ. ಅಪ್ಪಗ ಗೊತ್ತಾತಂದ್ರ ಮರುದಿನ ಸಾಲಿ ಬಿಡಸ್ತಾನ. ನಮ್ಮ ಅಕ್ಕಗ ಹಂಗ ಆತು. ಹತ್ತನೇತ್ತ ದಾಟೋತನಕ ಹೆಂಗರ ಮುಚ್ಚಿಡ್ತೀನಿ ಅಂದಾಳ ಅವ್ವ.”

ಹುಡುಗಿ ಮೈನೆರೆದರೆ ನಮ್ಮ ಕಡೆ ‘ದೊಡ್ಡಾಕಿ ಆದಳು’ ಎನ್ನುತ್ತಾರೆ. ಹೊಸ ಸೀರೆ ಉಡಿಸಿ ಕೂರಿಸುತ್ತಾರೆ, ಓಣಿಯ ಹೆಂಗಸರೆಲ್ಲ ಬಂದು ಆರತಿ ಮಾಡುತ್ತಾರೆ. ಆಗ ಎಷ್ಟೋ ಮನೆಗಳಲ್ಲಿ ಆ ಆರತಿಯ ಜೊತೆಗೇ ಶಾಲೆಯೂ ಮುಗಿಯುತ್ತಿತ್ತು. ಎಡಚಿಯ ತಾಯಿ ಈ ಯಾವುದನ್ನೂ ಮಾಡದೆ, ಗಂಡನಿಗೂ ತಿಳಿಯದಂತೆ ತಿಂಗಳುಗಟ್ಟಲೆ ಮಗಳನ್ನು ಶಾಲೆಗೆ ಕಳಿಸುತ್ತಿದ್ದಳು. “ನಮ್ಮವ್ವನ ಆಣಿ, ಯಾರಿಗೂ ಹೇಳಂಗಿಲ್ಲ,” ಎಂದು ನಾನು ಅವಳ ಕೈ ಹಿಡಿದು ಹೇಳಿದೆ.

ಆಣೆ ಮಾಡಿ ಒಂದು ತಾಸೂ ಆಗಿರಲಿಲ್ಲ.

ಮೊದಲ ಗೇಮು ಅವರದು. ಎರಡನೆಯದು ನಮ್ಮದು. ಅದನ್ನು ನಾನು ಗೆದ್ದದ್ದು ಅವಳ ಮೊಣಕೈ ನೋಡಿಯೇ. ಮೂರನೆಯದರಲ್ಲಿ ಅವಳು ಮೊಣಕೈ ತಿರುಗಿಸುವ ರೀತಿಯನ್ನೇ ಬದಲಿಸಿಬಿಟ್ಟಳು. ಇಪ್ಪತ್ತೊಂದಕ್ಕೆ ಆಟ, ಅವರು ಹದಿನೆಂಟು, ನಾವು ಹನ್ನೊಂದು. ಮಾಸ್ತರರು ಟೈಮ್ ಕೇಳಿ ನನ್ನನ್ನು ಪಕ್ಕಕ್ಕೆ ಕರೆದರು.

“ಆ ಎಡಚಿ ಮುಂದ ಕೂಸಿನಂಗ ಆಗೀಯಲ್ಲ! ಆಕಿ ಏನ್ ತಿಂತಾಳ, ನೀ ಏನ್ ತಿಂತಿ?”

ಇಡೀ ಶಾಲೆ ಸುತ್ತ ನಿಂತಿತ್ತು. ನನ್ನ ಮೈಯೆಲ್ಲ ಉರಿಯಿತು. “ಆಕಿ ದೊಡ್ಡಾಕಿ ಆಗ್ಯಾಳ್ರೀ ಸರ್,” ಎಂದುಬಿಟ್ಟೆ.

ನಮ್ಮ ಮಾತಿನಲ್ಲಿ ‘ದೊಡ್ಡಾಕಿ ಅದಾಳ’ ಎಂದರೆ ವಯಸ್ಸಿನಲ್ಲಿ ದೊಡ್ಡವಳು. ‘ದೊಡ್ಡಾಕಿ ಆಗ್ಯಾಳ’ ಎಂದರೆ ಮೈನೆರೆದಿದ್ದಾಳೆ. ನಾನು ಅಂದದ್ದು ‘ಅದಾಳ’, ಕೇಳಿದವರು ‘ಆಗ್ಯಾಳ’ ಎಂದು ತಿಳಿದರು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನಾನು ಅಂದದ್ದು ‘ಆಗ್ಯಾಳ’. ಆ ಮಾತಿಗೆ ಏನು ಬೆಲೆಯೆಂದು ಗೊತ್ತಿದ್ದೇ ಅಂದೆ.

ಮಾಸ್ತರರಿಗೆ ಬೇಕಾದದ್ದು ಒಂದು ನೆಪ. ದೊಡ್ಡಾಕಿ ಆಗಿದ್ದಾಳೆ ಎಂದರೆ ಆಟಕ್ಕಿದ್ದ ವಯಸ್ಸಿನ ಮಿತಿ ಮೀರಿದೆ ಎಂದು ಅವರು ಅರ್ಥ ಹಚ್ಚಿಕೊಂಡರು. ನೆಟ್ಟಗೆ ಅಂಪೈರುಗಳ ಮೇಜಿನ ಹತ್ತಿರ ಹೋದರು. ಮಸ್ಕಿಯ ರಿಜಿಸ್ಟರಿನಲ್ಲಿ ಅವಳು ಹುಟ್ಟಿದ್ದು ಜೂನ್ ಒಂದು. ಹಾಗೆ ನೋಡಿದರೆ ನಾನು ಹುಟ್ಟಿದ್ದೂ ಜೂನ್ ಒಂದು, ನಮ್ಮ ತಂಡದವರೆಲ್ಲ ಹುಟ್ಟಿದ್ದೂ ಜೂನ್ ಒಂದು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬಾಯಿಗೆ ಬಂದ ತಾರೀಖು ಬರೆಯುತ್ತಿದ್ದ ಕಾಲ ಅದು. ರಿಜಿಸ್ಟರಿನಿಂದ ಏನೂ ಸಾಬೀತಾಗುವಂತಿರಲಿಲ್ಲ. ಆಗ ನಮ್ಮ ಮಾಸ್ತರರು ಬಗ್ಗಿ, ನಾನು ಅಂದ ಮಾತನ್ನು ಅಂದಂತೆಯೇ ಮೇಜಿನವರಿಗೆ ಹೇಳಿದರು. ಅಲ್ಲಿ ಪಾಯಿಂಟು ಬರೆಯುತ್ತಿದ್ದವರು ಮಸ್ಕಿಯ ಒಬ್ಬ ಮಾಸ್ತರರು, ಎಡಚಿಯ ಓಣಿಯವರೇ. ಅವರು ಬರೆಯುವುದನ್ನು ನಿಲ್ಲಿಸಿ ಕನ್ನಡಕ ತೆಗೆದು ಅವಳತ್ತ ನೋಡಿದ್ದನ್ನು ನಾನು ನೋಡಿದೆ.

ದವಾಖಾನೆಯ ಸರ್ಟಿಫಿಕೇಟ್ ತರುವವರೆಗೆ ಅವಳು ಆಡುವಂತಿಲ್ಲ, ಬದಲಿ ಹುಡುಗಿ ಆಡಲಿ ಎಂದು ತೀರ್ಮಾನವಾಯಿತು. ಹುಡುಗಿಯರಿಗೆ ಹೇಳಿದ್ದು ‘ವಯಸ್ಸಿನ ತಕರಾರು’ ಎಂದಷ್ಟೇ. ಎಡಚಿ ಹೊರಗೆ ಬರುತ್ತ ನನ್ನ ಪಕ್ಕದಲ್ಲೇ ಹಾದಳು. “ನಾ ಎಂಟನೇತ್ತ ಒಮ್ಮೆ ನಪಾಸ ಆಗೀನಿ, ಅದಕ್ಕ ಇರಬೇಕು. ನೀ ಚಲೋ ಆಡು,” ಎಂದಳು. ನಾವು ಗೆದ್ದೆವು. ಶೀಲ್ಡನ್ನು ತಲೆಯ ಮೇಲೆ ಹೊತ್ತು ಬಸ್‌ ಸ್ಟ್ಯಾಂಡಿನವರೆಗೆ ಕುಣಿದೆವು. ಆ ದಿನ ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ, ಖುಷಿಯೇ ಆಯಿತು. ಇದನ್ನು ಬಚ್ಚಿಟ್ಟು ಉಳಿದದ್ದನ್ನು ಬರೆದರೆ ಆ ಬರವಣಿಗೆಗೆ ಮೂರು ಕಾಸಿನ ಬೆಲೆಯಿಲ್ಲ.

ಸಿಂಧನೂರಿಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದೆವು. ಮುಂದಿನ ವರ್ಷ ಮಸ್ಕಿಯ ತಂಡ ಬಂತು, ಎಡಚಿ ಬರಲಿಲ್ಲ. ಅವರ ಕ್ಯಾಪ್ಟನ್‌ಳನ್ನು ಕೇಳಿದೆ.

“ಆಕೀನ ಸಾಲಿ ಬಿಡಿಸ್ಯಾರ. ಹೋದ ವರ್ಷ ಇಲ್ಲಿಂದ ಹೋದ ವಾರದಾಗ ಬಿಡಿಸಿದ್ರು. ಮದುವಿನೂ ಗೊತ್ತು ಮಾಡ್ಯಾರ.”

“ಯಾಕ?” ಎಂದು ಕೇಳಿದೆ. ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. ಅಂದು ನಾವು ಅವರನ್ನು ಸಲೀಸಾಗಿ ಸೋಲಿಸಿದೆವು. ಮನೆಗೆ ಬಂದು ಉಣ್ಣದೆ ಮಲಗಿದೆ. ಗೆದ್ದು ಬಂದು ಯಾಕೆ ಅಳುತ್ತಿದ್ದೇನೆಂದು ಅವ್ವನಿಗೆ ತಿಳಿಯಲಿಲ್ಲ.

ನಾನು ಓದಿದೆ, ಶಿಕ್ಷಕಿಯಾದೆ. ತೊಂಬತ್ತರ ದಶಕದ ನಡುವೆ ಒಂದು ಮಧ್ಯಾಹ್ನ ನನ್ನ ಶಾಲೆಯ ರಿಂಗಿನ ತಂಡವನ್ನು ಕರೆದುಕೊಂಡು ಸಿಂಧನೂರಿನ ಬಸ್‌ ಸ್ಟ್ಯಾಂಡಿನಲ್ಲಿ ಲಿಂಗಸುಗೂರಿನ ಬಸ್ಸಿಗೆ ಕಾಯುತ್ತಿದ್ದೆ. “ಏ ಲಿಂಗಸುಗೂರು!” ಎಂದು ಯಾರೋ ಕೂಗಿದರು. ಎಡಚಿ. ಎಡ ಸೊಂಟದ ಮೇಲೊಂದು ಕೂಸು. ಅಲ್ಲೇ ಕಾಲುವೆ ಕಡೆಯ ಊರೊಂದಕ್ಕೆ ಕೊಟ್ಟಿದ್ದರಂತೆ. ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ನಾನು ಮೇಡಂ ಆಗಿದ್ದೇನೆಂದು ಅವಳಿಗೆ ನನಗಿಂತ ಹೆಚ್ಚು ಸಂತೋಷವಾಯಿತು. ಮಾತು ಮಸ್ಕಿಯ ಕಡೆ ಹೊರಳಿದಾಗ ಮಾತ್ರ ಮುಖ ಬಿಗಿಯಾಯಿತು.

“ಸಾಲಿ ಹೋದದ್ದು ಹೋಗ್ಲಿ, ಅದನ್ನ ಮರತೀನಿ. ಅವ್ವ ಹಂಗ ಮಾಡ್ತಾಳಂತ ತಿಳಿದಿದ್ದಿಲ್ಲ ನೋಡು.”

“ಅವ್ವ ಏನ್ ಮಾಡಿದ್ಲು?”

“ಆಕೀನ ಹೇಳ್ಯಾಳ. ಅಪ್ಪ ಬಡಿಗಿ ಹಿಡಕೊಂಡು, ಯಾರ ಮುಂದ ಬಾಯಿ ಬಿಟ್ಟಿ, ಊರೆಲ್ಲ ಗೊತ್ತಾಗೇತಿ ಅಂತ ನನ್ನ ಕೇಳಾಕತ್ತಿದ್ದ. ಅವ್ವ ನಡುವ ಬಂದು, ಆಕಿ ಅಲ್ಲ, ನಾನ ಬಾವಿ ಕಡಿ ಹೆಂಗಸರ ಮುಂದ ಅಂದೀನಿ ಅಂದ್ಲು. ಮುಚ್ಚಿಡ್ತೀನಿ ಅಂದಾಕೀನ ಬಿಚ್ಚಿ ಇಟ್ಟಾಳ. ಮದುವಿ ಆದಮ್ಯಾಲ ನಾ ತವರಿಗೆ ಹೋಗಿಲ್ಲ, ಆಕೀನ ಮಾತಾಡ್ಸಿಲ್ಲ.” ಆಮೇಲೆ ನನ್ನ ಮೊಣಕಾಲು ತಟ್ಟಿ ನಕ್ಕಳು. “ಮೊದ್ಲು ನಾ ನೀನ ಹೇಳೀದಿ ಅಂತ ತಿಳಕೊಂಡಿದ್ದೆ ಬೇ. ಪಾಪ, ಸುಮ್ನ ನಿನ್ನ ಬೈಕೊಂಡೆ. ತಪ್ಪು ತಿಳಕೋಬ್ಯಾಡ.”

ಎಲ್ಲ ತಿಳಿಯಿತು. ಮಗಳೇ ಎಲ್ಲೋ ಬಾಯಿ ಬಿಟ್ಟಿದ್ದಾಳೆ ಎಂದುಕೊಂಡ ಆ ತಾಯಿ, ಮಗಳ ಮೇಲೆ ಬೀಳುವ ಏಟನ್ನು ತನ್ನ ಮೇಲೆ ಎಳೆದುಕೊಂಡಿದ್ದಳು. ಮಗಳು ಅದನ್ನು ನಿಜವೆಂದು ನಂಬಿ ತಾಯಿಯನ್ನೇ ಬಿಟ್ಟಿದ್ದಳು. ಹೇಳಿದವಳು ನಾನು, ಅವಳ ಪಕ್ಕದಲ್ಲೇ ಕೂತಿದ್ದೆ.

“ಹೇಳಿದಾಕಿ ಅವ್ವ ಅಲ್ಲ ಇರಬೇಕು. ಹೋಗಿ ಮಾತಾಡ್ಸು,” ಎಂದೆ.

“ಅಲ್ಲ ಅಂತ ನಿನಗ ಹೆಂಗ ಗೊತ್ತು?”

ನನ್ನ ಹುಡುಗಿಯರು ಪಕ್ಕದಲ್ಲೇ ನಿಂತು ನಮ್ಮನ್ನು ನೋಡುತ್ತಿದ್ದರು. ನಾನು ಅವರ ಮೇಡಂ. “ಸುಮ್ನ ಅಂದೆ,” ಎಂದೆ. “ಬಸ್ ಬಂತ್ರೀ ಮೇಡಂ,” ಎಂದು ಅವರು ಕೂಗಿದ್ದು ನನಗೆ ಪುಣ್ಯದಂತೆ ಕೇಳಿಸಿತು. ಲಿಂಗಸುಗೂರಿನ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತದೆ. ಅಂದು ಮಸ್ಕಿಯಲ್ಲಿ ಡ್ರೈವರ್ ಚಹಾಕ್ಕೆ ಇಳಿದ. ಇಳಿದು ಯಾರನ್ನು ಕೇಳಿದ್ದರೂ ಆ ಮನೆ ತೋರಿಸುತ್ತಿದ್ದರು. ನಾನು ಕಿಟಕಿಯ ಪಕ್ಕ ಕೂತೇ ಇದ್ದೆ. ಹೇಡಿತನಕ್ಕೆ ಬೇರೆ ಹೆಸರಿಡುವುದು ನನಗೆ ಬೇಕಿಲ್ಲ.

ಎರಡು ವರ್ಷದ ಮೇಲೆ ಶಿಕ್ಷಕರ ತರಬೇತಿಯಲ್ಲಿ ಮಸ್ಕಿಯ ಶಿಕ್ಷಕಿಯೊಬ್ಬರು ಸಿಕ್ಕರು. ಆ ಓಣಿಯವರೇ ಎಂದು ಗೊತ್ತಾಗಿ ಆ ಮನೆಯ ಸುದ್ದಿ ಕೇಳಿದೆ. ತಾಯಿ ತೀರಿಕೊಂಡು ಆರು ತಿಂಗಳಾಗಿತ್ತು.

“ಸಿಂಧನೂರು ಕಡೆ ಕೊಟ್ಟ ಮಗಳು ಬಂದಿದ್ಲೇನ್ರೀ?”

“ಬಂದಿದ್ಲ್ರೀ, ಮಣ್ಣಾದ ಮ್ಯಾಲ ಬಂದ್ಲು. ಹೊಸ್ತಲದಾಗ ನಿಂತು ಹಂಗ ಹೊಳ್ಳಿ ಹೋದ್ಲು. ಕಣ್ಣಾಗ ಒಂದ ಹನಿ ನೀರು ತಗೀಲಿಲ್ಲ ನೋಡ್ರಿ. ಹೆತ್ತ ತಾಯಿ ಅಂದ್ರೂ ಇಷ್ಟು ಕಲ್ಲು ಮನಸ್ಸೇನ್ರೀ ಆಕೀದು?”

ಕಲ್ಲು ಮನಸ್ಸು ಅವಳದಲ್ಲ ಎಂದು ಆಗಲಾದರೂ ಹೇಳಬೇಕಿತ್ತು.

“ಹೌದೇನ್ರೀ,” ಎಂದೆ.