ಟಬ್ಬಿನ ಕೆಳಗಿನ ಲಕ್ಷ್ಮಿ

ಆಮೆ ನೀರಿನಲ್ಲಿ ಮುಳುಗಿ ಸಾಯುತ್ತದೆ. ನಂಬುತ್ತೀರಾ?

ನಾನೂ ನಂಬುತ್ತಿರಲಿಲ್ಲ. ಹೋದ ವಾರ ಹರಿಹರದ ಹೊಳೆಯಲ್ಲಿ ಒಂದು ಮುಳುಗಿದ್ದನ್ನು ಕಣ್ಣಾರೆ ಕಂಡೆ.

ದಾವಣಗೆರೆಯ ಆವರಗೆರೆಯಲ್ಲಿ ನಮ್ಮ ಪಕ್ಕದ ಮನೆ ಹಾಲಮ್ಮನದು. ಅವಳ ಬಚ್ಚಲ ಪಕ್ಕ ಒಂದು ಪ್ಲಾಸ್ಟಿಕ್ ಟಬ್ಬು ಸದಾ ಬೋರಲು ಬಿದ್ದಿರುತ್ತಿತ್ತು, ಮೇಲೊಂದು ಕಲ್ಲು. ಅದರ ಕೆಳಗೆ ಲಕ್ಷ್ಮಿ. ಅಂದರೆ ಆಮೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಕಪ್ಪು ಬೆನ್ನಿನ ತುಂಬ ಹಳದಿ ಗೆರೆ, ಯಾರೋ ಚುಕ್ಕಿ ಇಟ್ಟು ರಂಗೋಲಿ ಎಳೆದ ಹಾಗೆ. ನಕ್ಷತ್ರ ಆಮೆ ಎನ್ನುತ್ತಾರೆ. ಮಾಯಕೊಂಡದ ಕಡೆ ಹೊಲ ಹೊಡೆಯುವಾಗ ಟ್ರ್ಯಾಕ್ಟರಿಗೆ ಅಡ್ಡ ಬಂತಂತೆ. ಅಳಿಯ ಎತ್ತಿಕೊಂಡು ಬಂದು ಅತ್ತೆಗೆ ಕೊಟ್ಟ. ಮನೆಯಲ್ಲಿ ಆಮೆ ಇದ್ದರೆ ದುಡ್ಡು ನಿಲ್ಲುತ್ತದೆ ಎಂದು ಯಾರೋ ಅವನ ತಲೆಗೆ ತುಂಬಿದ್ದರು.

ಶುಕ್ರವಾರ ಟಬ್ಬು ಎತ್ತಿ ಅದರ ಬೆನ್ನಿಗೆ ಅರಿಶಿನ ಕುಂಕುಮ. ತಿನ್ನಲು ಮಂಡಕ್ಕಿ. (ದಾವಣಗೆರೆಗೆ ಬಂದ ಮೇಲೆ ಆಮೆಗೂ ತಪ್ಪಲಿಲ್ಲ ನೋಡಿ.) ಪೂಜೆ ಮುಗಿದರೆ ಮತ್ತೆ ಟಬ್ಬು, ಮತ್ತೆ ಕಲ್ಲು. ಲಕ್ಷ್ಮಿಯ ಮೇಲೆ ಯಾರಾದರೂ ಕಲ್ಲು ಹೇರುತ್ತಾರೆಯೇ ಎಂದು ಕೇಳಿದ್ದೆ. ಓಡಿಹೋದರೆ ದರಿದ್ರ ಬರುತ್ತದೆ ಎಂದಳು.

ಹದಿನೈದು ದಿನದ ಹಿಂದೆ ಅವಳ ಮೊಬೈಲಿಗೆ ಒಂದು ಮೆಸೇಜು ಬಂತು. ಈ ಆಮೆ ಸಾಕಿದರೆ ಕೇಸು, ಜೈಲು. ಹಾಲಮ್ಮ ಟಬ್ಬಿನ ಮೇಲೆ ಇನ್ನೊಂದು ಕಲ್ಲು ಹೇರಿದಳು. ತನ್ನ ಚಿಂತೆಯಲ್ಲ ಅವಳದು. ಅಳಿಯ ಮೊದಲೇ ಮುಂಗೋಪಿ. ಅವನ ಹೆಸರು ಹೊರಬಿದ್ದರೆ ಮಗಳು ಗಂಟುಮೂಟೆ ಸಮೇತ ತವರಿಗೆ. ಅದಕ್ಕೆ ಅವಳೇ ದಾರಿ ಹುಡುಕಿದಳು. ಹೊಳೆಗೆ ಬಿಟ್ಟುಬಿಡುವುದು. ಪುಣ್ಯಕ್ಕೆ ಪುಣ್ಯ, ಪೀಡೆಯೂ ಕಳೆಯಿತು. ಜೊತೆಗೆ ನಾನು.

ವೈರ್ ಬುಟ್ಟಿಯಲ್ಲಿ ಆಮೆ, ಮೇಲೆ ಮೆಂತ್ಯ ಸೊಪ್ಪು. ಬಸ್ಸು ಹತ್ತಿದೆವು. ಬುಟ್ಟಿಯೊಳಗೆ ಕರಕರ ಸದ್ದು. ಕಂಡಕ್ಟರ್ ಬಗ್ಗಿ ನೋಡಿದ.

“ಏನಜ್ಜಿ ಅದು, ಕೋಳಿನಾ? ನಿಮಗೆ ಫ್ರೀ ಐತೆ, ಕೋಳಿಗೆ ಟಿಕೆಟ್ ಐತೆ ನೋಡ್ರಿ.”

ಹಾಲಮ್ಮ ನನ್ನ ಮಣಿಕಟ್ಟು ಹಿಡಿದಳು. “ಸೊಪ್ಪಪ್ಪ” ಅಂದೆ. “ಸೊಪ್ಪು ಅಲ್ಲಾಡ್ತತೇನು?” ಅಂದ. ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಯಾರೋ ಕೂಗಿದರು, ಅತ್ತ ಹೋದ. ಹರಿಹರ ಬರುವವರೆಗೆ ಹಾಲಮ್ಮ ಕೈ ಬಿಡಲಿಲ್ಲ.

ಹೊಳೆಯ ಮೆಟ್ಟಿಲ ಮೇಲೆ ಕೂತು ಆಮೆಗೆ ಕೊನೆಯ ಕುಂಕುಮ ಇಟ್ಟಳು. ಆಗ ನಾನು ಅದರ ಕಾಲು ನೋಡಿದೆ. ಒನಕೆಯ ತುದಿಯಂತೆ ಮೊಂಡು, ದಪ್ಪ. ಇಂಥ ಕಾಲಲ್ಲಿ ಈಜುವುದು ಹೇಗೆ? ಬಾಯಿ ತೆರೆಯುವಷ್ಟರಲ್ಲಿ ಹಾಲಮ್ಮ ಗಂಗಮ್ಮನನ್ನು ನೆನೆದು ನೀರಿಗೆ ಬಿಟ್ಟಾಗಿತ್ತು.

ತೆಂಗಿನ ಚಿಪ್ಪಿನ ಹಾಗೆ ಒಂದು ಗಳಿಗೆ ತೇಲಿತು. ನಾಲ್ಕೂ ಕಾಲು ಬಡಿಯಿತು. ಕತ್ತು ಉದ್ದ ಮಾಡಿತು. ವಾಲಿತು. ಮುಳುಗಿತು.

ಹಾಲಮ್ಮ ಕಣ್ಣು ಮುಚ್ಚಿ ಕೈ ಮುಗಿದಿದ್ದಳು.

ನಾನು ಸೀರೆ ಸಮೇತ ಇಳಿದೆ. ಸೊಂಟದವರೆಗೆ ನೀರು, ಕಾಲಡಿ ಪಾಚಿ. ಈ ವಯಸ್ಸಿನಲ್ಲಿ ಜಾರಿದರೆ ನಾಳೆ ನನಗೇ ಕುಂಕುಮ. ತಡಕಿದೆ, ಕಲ್ಲು. ಮತ್ತೆ ತಡಕಿದೆ, ಯಾರದೋ ಹಳೆಯ ಬಟ್ಟೆ. ಮೂರನೆಯದು ಆಮೆ. ಎತ್ತಿ ತಲೆಕೆಳಗು ಹಿಡಿದರೆ ಮೂಗಿನಿಂದ ನೀರು ಬಂತು. ಕಾಲುಗಳು ಜೋತುಬಿದ್ದಿದ್ದವು.

ಹಾಲಮ್ಮ ಕಣ್ಣು ತೆರೆದಳು. “ಗಂಗಮ್ಮಗೆ ಕೊಟ್ಟಿದ್ದನ್ನ ಯಾಕ ವಾಪಸ್ ತಗೀತೀಯಕ್ಕ? ಬ್ಯಾಡ, ಬಿಡು.”

“ಕೊಟ್ಟಿಲ್ಲ ನೀನು. ಮುಳುಗಿಸೀಯ.”

ಒದ್ದೆಯಾಗದ ಸೆರಗಿನ ತುದಿಯಲ್ಲಿ ಸುತ್ತಿಕೊಂಡು ಕೂತೆ. ಬಹಳ ಹೊತ್ತಿನ ಮೇಲೆ ಒಂದು ಕಾಲು ಅಲುಗಿತು. ನಾನು ಎದ್ದೆ. ಅರಣ್ಯ ಇಲಾಖೆ ಆಫೀಸಿಗೆ ಎಂದಾಗ ಹಾಲಮ್ಮ ಅಳಲಿಕ್ಕೆ ಶುರು ಮಾಡಿದಳು. ದಾರಿಯಲ್ಲಿ ಸಿಕ್ಕಿತು ಎಂದು ಹೇಳಬೇಕು ಎಂದು ನನ್ನಿಂದ ಮಾತು ತಗೊಂಡಳು. ದಾವಣಗೆರೆಗೆ ವಾಪಸ್ ಬಂದು ಆಫೀಸಿನ ಗೇಟಿನ ಹೊರಗೇ ನಿಂತಳು.

ಒಳಗಿದ್ದ ಗಾರ್ಡ್ ಆಮೆಯನ್ನು ನೋಡಿದ, ಒದ್ದೆ ಸೀರೆ ನೋಡಿದ, ಆಮೆಯ ಬೆನ್ನಿಗೆ ಇನ್ನೂ ಅಂಟಿದ್ದ ಕುಂಕುಮ ನೋಡಿದ. ದಾರಿಯಲ್ಲಿ ಸಿಕ್ಕಿತು ಎಂದೆ. ದಾರಿಯಲ್ಲಿ ಯಾರಮ್ಮ ಇದಕ್ಕೆ ಪೂಜೆ ಮಾಡಿದೋರು ಎಂದ. ಇದು ಒಣ ನೆಲದ ಪ್ರಾಣಿ, ಕಲ್ಲುಗುಡ್ಡ, ಕುರುಚಲು ಗಿಡ, ಹುಲ್ಲು ಇದರ ಮನೆ, ಜನ ಪುಣ್ಯ ಅಂತ ನೀರಿಗೆ ಹಾಕಿ ಕೊಲ್ಲುತ್ತಾರೆ ಎಂದು ಬೈದ. ಆಮೇಲೆ ದನಿ ಇಳಿಸಿದ.

“ಎಲ್ಲಿ ಸಿಕ್ತು ಅಂತ ನಿಜ ಹೇಳ್ರಿ. ಡಾಕ್ಟ್ರು ನೋಡಿ, ಬದುಕಿದ್ರೆ ಅಲ್ಲೇ ಬಿಡಬಹುದು. ಇಲ್ಲಾಂದ್ರೆ ಇರೋತನಕ ಇದು ಪಂಜರದಾಗೇ.”

ನಾನು ಮಾತು ಕೊಟ್ಟಿದ್ದೆ. ಗೇಟಿನ ಕಡೆ ನೋಡಿದೆ. ಹಾಲಮ್ಮ ಅಲ್ಲಿರಲಿಲ್ಲ. ನನ್ನ ಬೆನ್ನ ಹಿಂದೆ ನಿಂತಿದ್ದಳು.

“ಮಾಯಕೊಂಡದ ಹತ್ರ ಸರ್, ಗುಡ್ಡದ ಬುಡಕ ನಮ್ಮ ಹೊಲ ಐತೆ. ತಂದಾಕಿ ನಾನೇ.”

ಹೊಲ ಅಳಿಯನದು. ತಂದವನೂ ಅಳಿಯ. ಅವಳು ನನ್ನ ಮುಖ ನೋಡಲಿಲ್ಲ, ನಾನೂ ತಿದ್ದಲಿಲ್ಲ. ಸಾಹೇಬರು ಬರುವವರೆಗೆ ಬೆಂಚಿನ ಮೇಲೆ ಕೂರಿಸಿದರು. ಬಂದರು, ಚೆನ್ನಾಗಿ ಉಗಿದರು, ಹೆಸರು ಬರೆದುಕೊಂಡರು, ಕರೆದಾಗ ಬರಬೇಕು ಎಂದು ಕಳಿಸಿದರು. ಕರೆಯುತ್ತಾರೋ ಏನೋ. ಫೋನು ಹೊಡೆದಾಗಲೆಲ್ಲ ಹಾಲಮ್ಮ ಈಗಲೂ ಬೆಚ್ಚುತ್ತಾಳೆ.

ಆಮೆ ನಿನ್ನೆ ಸೊಪ್ಪು ತಿಂದಿತಂತೆ. ಬದುಕಿತು ಎಂದು ಡಾಕ್ಟರು ಇನ್ನೂ ಹೇಳುತ್ತಿಲ್ಲ.

ನಾನು ಚಿಕ್ಕವಳಿದ್ದಾಗ ಮೊದಲ ಮಳೆ ಬಿದ್ದರೆ ಬೇಲಿ ಸಾಲಿನಲ್ಲಿ ಇವು ಹೊರಬೀಳುತ್ತಿದ್ದವು. ಈಗ ಯಾರು ನೋಡಿದ್ದೀರಿ? ಮನೆಗೊಂದು ಎತ್ತಿ ತಂದರೆ ಗುಡ್ಡದಲ್ಲಿ ಮೊಟ್ಟೆ ಇಡಲಿಕ್ಕೆ ಯಾವುದು ಉಳಿಯಬೇಕು? ಕದ್ದು ಮಾರುವವನನ್ನು ಕಳ್ಳ ಎನ್ನುತ್ತೇವೆ. ಪೂಜೆಗೆ ತಂದವರನ್ನು? ಸಿಕ್ಕಿದರೆ ಮುಟ್ಟದೆ ಬಿಡಿ. ಮನೆಯಲ್ಲಿದ್ದರೆ ಹೊಳೆಗಲ್ಲ, ಆಫೀಸಿಗೆ ಒಯ್ಯಿರಿ. ಬೈಸಿಕೊಳ್ಳಬೇಕಾಗುತ್ತದೆ, ಬೈಸಿಕೊಳ್ಳಿ.

ಓಣಿಯ ಹೆಂಗಸರು ಹಾಲಮ್ಮನ ಬಚ್ಚಲ ಕಡೆ ಇಣುಕಿ ಲಕ್ಷ್ಮಿ ಎಲ್ಲಿ ಎಂದು ಕೇಳುತ್ತಿದ್ದಾರೆ. ತವರಿಗೆ ಹೋಗ್ಯಾಳ ಎನ್ನುತ್ತಾಳೆ. ಒಬ್ಬಾಕೆ ಮಾತ್ರ ಏನೂ ಕೇಳದೆ ಬೇಗ ಬೇಗ ಮನೆಗೆ ನಡೆದಳು.

ಅದಕ್ಕೇ ಕೇಳುತ್ತೇನೆ, ನಿಮ್ಮ ಮನೆಯ ಟಬ್ಬಿನ ಕೆಳಗೆ ಏನಿದೆ?