ರಂಗೋಲಿ ಡಬ್ಬಿ ಮತ್ತು ಮೆಕ್ಯಾನಿಕ್

1999ರಲ್ಲಿ, ಕಂಪ್ಯೂಟರುಗಳ ವೈ2ಕೆ ಕೆಲಸಕ್ಕೆ ಜಪಾನಿನ ಕಾಶಿವಾದಲ್ಲಿದ್ದಾಗ ನಾವೊಂದು ಹಳೆಯ ಮೋಟರ್‌ಹೋಮ್, ಅಂದರೆ ಒಳಗೇ ಮನೆಯಿರುವ ಗಾಡಿ, ಕೊಂಡಿದ್ದೆವು. ಬದಿಗೆ ಚಾಚುವ ಅದರ ಕೋಣೆ, ಹೈಡ್ರಾಲಿಕ್ ಎಣ್ಣೆ ಸೋರಿ, ಒಳಗೆ ಸರಿಯುತ್ತಿರಲಿಲ್ಲ. ರಿಪೇರಿಗೆ ಬಂದ ಮುದಿ ಮೆಕ್ಯಾನಿಕ್‌ಗೆ ಆತುರವೇ ಇಲ್ಲ. "ಮೊದಲು ಒರೆಸಬೇಕು, ಆಮೇಲೆ ಕಾಯಬೇಕು," ಎನ್ನುತ್ತಲೇ ಇದ್ದರು. ಪೈಪು ಒರೆಸಿ, "ಸುಮಿಮಾಸೆನ್, ಕ್ಷಮಿಸಿ, ಬಿಳಿ ಪುಡಿ ಇದೆಯಾ?" ಎಂದರು. ನನ್ನ ಹೆಂಡತಿ ರಂಗೋಲಿ ಡಬ್ಬಿ ಕೊಟ್ಟಳು. ಪೈಪಿನ ಮೇಲೆ ಪುಡಿ ಉದುರಿಸಿ, ಟೋಪಿ ತೊಡೆಯ ಮೇಲಿಟ್ಟು ಕೂತರು. ಸೋರುವ ಕಡೆ ಕಪ್ಪು ಕಲೆ ಮೂಡಿತು.

"ಇದು ಯಾತಕ್ಕೆ?" ಎಂದು ಡಬ್ಬಿ ತೋರಿಸಿದರು.

"ಮನೆಗೆ ಬರೋರಿಗೆ ಅಂತ ಬಾಗಿಲಿಗೆ ಹಾಕ್ತೀವಿ. ನೀವೇ ಇಟ್ಕೊಳ್ಳಿ," ಎಂದಳು ಹೆಂಡತಿ.

"ಹಾಗಾದ್ರೆ ಹೊಸ ವರ್ಷಕ್ಕೆ ನಮ್ಮನೆಗೆ ಬನ್ನಿ."

ಹೊಸ ವರ್ಷದ ದಿನ ಆಫೀಸಿನವರು ನನ್ನನ್ನು ಕಂಪ್ಯೂಟರ್ ಕಾಯಲು ಕೂರಿಸಿದರು. ವಾರ ಬಿಟ್ಟು ಹೋದರೆ ಮೆಕ್ಯಾನಿಕ್ ಮನೆಯ ಬಾಗಿಲು ಮುಚ್ಚಿತ್ತು. ತೀರಿಕೊಂಡರೆಂದು ಪಕ್ಕದ ಮನೆಯಾಕೆ ಹೇಳಿದರು. ಸೂರಿನಡಿ, ಒರೆಸಿದ ಹೊಸ್ತಿಲಲ್ಲಿ, ಸೊಟ್ಟಗಿನ ಒಂದು ರಂಗೋಲಿ ಗೆರೆ ಇನ್ನೂ ಇತ್ತು.